ನಿಂಬೆ ಸೋಡಾ ಮತ್ತು ನಾನು ಬರೆದ ಚೀಟಿ

ತುಮಕೂರಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡಿದೆ. ಹಲ್ಲು ಕೀಳುವುದನ್ನು ಕಲಿಯಲು ಒಂದು ವರ್ಷ ಸಾಕಾಯಿತು. ಎದುರಿಗೆ ಕೂತವರ ಮಾತು ಮುಗಿಯುವ ತನಕ ನನ್ನ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಮಾತ್ರ ಹತ್ತು ವರ್ಷದ ಮೇಲೆ ಹಿಡಿಯಿತು. ಕಲಿಸಿದವರು ಗುಬ್ಬಿಯಲ್ಲಿ ಸೋಡಾ ಮಾಡುತ್ತಿದ್ದ ಒಬ್ಬರು ಮತ್ತು ಅವರ ಮಗಳು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕರೆದು ಶಾಲು ಹೊದಿಸಿ, ‘ನಿಮ್ಮ ಸಾಧನೆ ಬಗ್ಗೆ ಹೇಳಿ ಮೇಡಂ’ ಅನ್ನುತ್ತಾರೆ. ಸಾಧನೆ ಏನು ಮಣ್ಣು! ನಿಮಗೆ ಉಪಯೋಗಕ್ಕೆ ಬರುವುದು ನಾನು ಮಾಡಿದ ಎಡವಟ್ಟು. ಅದನ್ನೇ ಬರೆಯುತ್ತೇನೆ.

ಸದಾಶಿವನಗರದಲ್ಲಿ ನನ್ನ ಕ್ಲಿನಿಕ್ಕು. ಮಂಗಳವಾರ ಗುಬ್ಬಿ, ಶುಕ್ರವಾರ ಕುಣಿಗಲ್. ಆ ಎರಡೂ ಊರಿನಲ್ಲಿ ಒಂದೊಂದು ಬಾಡಿಗೆ ರೂಮು, ಒಂದು ಕುರ್ಚಿ, ಬಾಗಿಲ ಹೊರಗೆ ಒಂದು ಉದ್ದದ ಬೆಂಚು. ಕರೆಂಟು ಹೋದರೆ ಡ್ರಿಲ್ಲು ನಿಲ್ಲುತ್ತಿತ್ತು, ಬಾಯಿ ತೆರೆದವರು ತೆರೆದುಕೊಂಡೇ ಕಾಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ‘ಡಾಕ್ಟ್ರಮ್ಮನ ಕೈ ಒಳ್ಳೇದು, ಬಾಯಿ ಮಾತ್ರ ಬಲು ಜೋರು’ ಎಂದು ಬೆಂಚಿನ ಮೇಲೆ ಮಾತಾಡಿಕೊಳ್ಳುತ್ತಿದ್ದುದು ನನಗೂ ಕೇಳುತ್ತಿತ್ತು. ಕೇಳಿ ಒಳಗೊಳಗೇ ಹೆಮ್ಮೆಪಡುತ್ತಿದ್ದೆ ಕೂಡ.

ಆ ಕಡೆಯ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಮೂಡುವಾಗಲೇ ಕಂದು ಪಟ್ಟೆ, ಸುಣ್ಣದ ಮಚ್ಚೆ ಹೊತ್ತು ಬರುತ್ತಿತ್ತು. ಜನ ಅದನ್ನು ಕೊಳೆ ಎಂದುಕೊಂಡು ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಏನೇನೋ ಹಾಕಿ ಉಜ್ಜುತ್ತಿದ್ದರು. ಉಜ್ಜಿದರೆ ಹೋಗುವಂಥದ್ದಲ್ಲ ಅದು. ನನಗೆ ಕೆಲಸ ಕಲಿಸಿದ ಹಿರಿಯ ವೈದ್ಯರು ಶ್ರೀಕಂಠಯ್ಯನವರು ಅಂಥವರನ್ನು ನೋಡಿ, ‘ಇದು ಹೋಗಲ್ಲಪ್ಪ, ಆದ್ರೆ ಹಲ್ಲು ಗಟ್ಟಿಯಾಗಿದೆ, ಸಂತೋಷಪಡು’ ಎಂದು ಹೇಳಿ ಕಳಿಸುತ್ತಿದ್ದರು. ತೊಂಬತ್ತರ ದಶಕದ ನಡುವಿಗೆ ಬ್ಲೀಚಿಂಗ್ ನಮ್ಮ ಊರಿಗೂ ಬಂತು. ಹಲ್ಲಿಗೆ ಔಷಧಿ ಹಚ್ಚಿ, ಬಿಸಿ ಬೆಳಕು ಹಿಡಿದು, ಎರಡು ಮೂರು ಸಲ ಮಾಡಿದರೆ ಕಂದು ಬಣ್ಣ ತಿಳಿಯಾಗುತ್ತಿತ್ತು. ನಾನು ಬೆಂಗಳೂರಿಗೆ ಹೋಗಿ ಕಲಿತುಬಂದೆ. ‘ಹಲ್ಲು ಬೆಳ್ಳಗೆ ಮಾಡ್ತಾರಂತೆ’ ಎಂಬ ಸುದ್ದಿ ಬಸ್ಸಿಗಿಂತ ಬೇಗ ಊರೂರು ತಲುಪಿತು.

ಮೊದಲ ಎಡವಟ್ಟು ಕುಣಿಗಲ್ಲಿನವರೊಬ್ಬರ ವಿಷಯದಲ್ಲಿ ಆಯಿತು. ಫೋಟೋ ಸ್ಟುಡಿಯೋ ಮಾಲೀಕರು. ಗಿರಾಕಿಗಳಿಗೆ ‘ಸ್ಮೈಲ್ ಮಾಡಿ’ ಅಂದರೆ ಅವರು ಇವರ ಹಲ್ಲನ್ನೇ ನೋಡುತ್ತಾರೆ ಎಂದು ಬೇಜಾರು ಅವರಿಗೆ. ತುಮಕೂರಿಗೆ ಕರೆಸಿ ಬ್ಲೀಚಿಂಗ್ ಮಾಡಿ ಕಳಿಸಿದೆ. ಮನುಷ್ಯ ಕುರ್ಚಿಯಿಂದ ಇಳಿದವರೇ ಹೋಟೆಲಿನಲ್ಲಿ ಕಾಫಿ ಕುಡಿದು, ಎದುರಿನ ಅಂಗಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗಿದ್ದರು. ಆಗತಾನೇ ಬೆಳ್ಳಗೆ ಮಾಡಿದ ಹಲ್ಲು ಸ್ವಲ್ಪ ದಿನ ಬಣ್ಣವನ್ನು ಬೇಗ ಹೀರುತ್ತದೆ. ಮುಂದಿನ ಶುಕ್ರವಾರ ಕುಣಿಗಲ್ಲಿನ ರೂಮಿಗೆ ಬಂದಾಗ ಹಲ್ಲು ಮೊದಲಿಗಿಂತ ಕೆಟ್ಟದಾಗಿತ್ತು. ಬಾಯಿಗೆ ಬಂದಂತೆ ಬೈದೆ. ಅವರು ಸಮಾಧಾನವಾಗಿ, ‘ನೀವು ಹೇಳ್ಲೇ ಇಲ್ವಲ್ಲ ಮೇಡಂ’ ಎಂದರು. ನಿಜ, ಹೇಳಿರಲಿಲ್ಲ.

ಅಂದಿನಿಂದ ಚೀಟಿ ಬರೆದುಕೊಡಲು ಶುರುಮಾಡಿದೆ. ‘ಎರಡು ವಾರ ಬಣ್ಣ ಇರುವ ಯಾವುದನ್ನೂ ತಿನ್ನಬಾರದು, ಕುಡಿಯಬಾರದು.’ ಅಷ್ಟಕ್ಕೇ ಮುಗಿಯಲಿಲ್ಲ. ಚೀಟಿ ಓದಿದವರಿಗೆಲ್ಲ ಪ್ರಶ್ನೆ. ಅರಿಶಿನ ಹಾಕಿದ ಚಿತ್ರಾನ್ನ? ಮಜ್ಜಿಗೆ? ಎಳನೀರು? ಗೂಳೂರಿನ ಒಬ್ಬರು ರೈತರು ಕುರ್ಚಿಯಿಂದ ಇಳಿಯದೆ ಕೂತು ಕೇಳಿದರು: ‘ಮುದ್ದೆ ಬಣ್ಣಾನಾ ಡಾಕ್ಟ್ರಮ್ಮ?’

‘ಹೌದಪ್ಪ, ಕಪ್ಪಗಿರಲ್ವಾ?’

‘ಮುದ್ದೇನ ನುಂಗ್ತೀವಿ ಕಣಮ್ಮ, ಅಗಿಯಕಿಲ್ಲ. ಹಲ್ಲಿಗ್ ತಾಗಿದ್ರೆ ತಾನೇ?’

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ದಿನಕ್ಕೆ ಇಪ್ಪತ್ತು ಸಲ ಇದೇ ಪಂಚಾಯಿತಿ ಯಾರಿಗೆ ಬೇಕು? ಒಂದು ದಿನ ರೇಗಿ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಬಣ್ಣ ಇಲ್ಲದ್ದು ಏನು ಬೇಕಾದರೂ ಆಗಬಹುದು.’ ಪ್ರಶ್ನೆಗಳು ನಿಂತವು. ನಾನು ಬಲು ಜಾಣೆ ಎಂದುಕೊಂಡೆ.

ಪುಷ್ಪ ಬಂದದ್ದು ಆಮೇಲೆ. ಗುಬ್ಬಿಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಮುಂದಿನ ಹಲ್ಲುಗಳ ಮೇಲೆ ದಟ್ಟ ಕಂದು ಪಟ್ಟೆ. ಅವಳ ತಂದೆ ರಂಗಸ್ವಾಮಯ್ಯ ಅವಳು ಹೈಸ್ಕೂಲಿಗೆ ಬಂದಾಗ ಹಳ್ಳಿ ಬಿಟ್ಟು ಗುಬ್ಬಿಗೆ ಬಂದು ಸೋಡಾ ಮಾಡುವ ಮಿಷನ್ ಇಟ್ಟುಕೊಂಡವರು. ಮುಂದೆ ಅಂಗಡಿ, ಹಿಂದೆ ಮನೆ. ಇಂಥ ಹೆಣ್ಣುಮಕ್ಕಳು ಬಂದರೆ ಸಾಮಾನ್ಯವಾಗಿ ಮದುವೆ ಮಾತು ಇರುತ್ತಿತ್ತು. ಹಾಗೇ ಕೇಳಿದೆ.

‘ಮದ್ವೆಗಲ್ಲ ಮೇಡಂ,’ ಎಂದಳು. ‘ಒಂದನೇ ಕ್ಲಾಸಿಗೆ ಹಲ್ಲುಜ್ಜೋ ಪಾಠ ಮಾಡ್ತಿದ್ದೆ. ಒಂದ್ ಮಗು ಎದ್ದು ನಿಂತ್ಕೊಂಡು, ಮಿಸ್ ನೀವ್ ಹಲ್ಲುಜ್ಜಲ್ವಾ ಅಂತು. ತಮಾಷೆಗಲ್ಲ ಮೇಡಂ, ನಿಜವಾಗ್ಲೂ ಕೇಳ್ತು. ಆಮೇಲಿಂದ ನಂಗೆ ಬೋರ್ಡ್ ಕಡೆ ತಿರುಕೊಂಡೇ ಪಾಠ ಮಾಡೋದು ಅಭ್ಯಾಸ ಆಗ್ಬಿಟ್ಟಿದೆ. ಮಕ್ಕಳ ಮುಖ ನೋಡ್ಕೊಂಡು ಪಾಠ ಮಾಡ್ಬೇಕು ಅಂತ ಆಸೆ, ಅಷ್ಟೇ.’

ಮಾಡೋಣ ಬಾಮ್ಮ ಎಂದೆ. ಬ್ಲೀಚಿಂಗ್ ಸಾಮಾನೆಲ್ಲ ತುಮಕೂರಿನಲ್ಲೇ ಇದ್ದುದರಿಂದ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದಳು. ಎರಡು ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದೆ. ಮೂರನೆಯ ಸಲ ಕನ್ನಡಿ ಕೊಟ್ಟಾಗ ಹುಡುಗಿ ಬಹಳ ಹೊತ್ತು ನೋಡಿಕೊಂಡಳು, ಕನ್ನಡಿ ವಾಪಸ್ ಕೊಡಲೇ ಇಲ್ಲ. ಆದರೆ ಆಗಲೇ ಹಲ್ಲಿನ ಹೊಳಪು ಸ್ವಲ್ಪ ಕಮ್ಮಿ ಇದೆಯಲ್ಲ ಎಂದು ನನಗೆ ಅನಿಸಿತ್ತು. ಔಷಧಿ ಪರಿಣಾಮ ಇರಬೇಕು, ಸರಿಹೋಗುತ್ತದೆ ಎಂದು ಬಿಟ್ಟೆ. ‘ಏನಮ್ಮಾ, ಮನೇಲಿ ಏನ್ ಕುಡೀತಿದೀಯ?’ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಚೀಟಿ ಕೊಟ್ಟಿದ್ದೆನಲ್ಲ!

ಒಂದು ತಿಂಗಳ ಮೇಲೆ ಅಪ್ಪ ಮಗಳು ಇಬ್ಬರೂ ಬಂದರು. ಶನಿವಾರ, ಕ್ಲಿನಿಕ್ಕು ತುಂಬಿತ್ತು. ರಂಗಸ್ವಾಮಯ್ಯ ನನಗೆಂದು ಚೀಲದಲ್ಲಿ ಆರು ಗೋಲಿ ಸೋಡಾ ಬಾಟಲಿ ತಂದು ಮೇಜಿನ ಪಕ್ಕ ಜೋಪಾನವಾಗಿ ಇಟ್ಟರು. ಪುಷ್ಪ ಬಾಯಿ ತೆರೆಯಲು ಹಿಂದೇಟು ಹಾಕಿದಳು. ತಣ್ಣೀರು ಕುಡಿಯೋಕಾಗಲ್ಲ, ಮಗ್ಗಿ ಹೇಳಿಕೊಡುವಾಗ ಗಾಳಿ ತಗುಲಿದರೂ ಜುಮ್ಮೆನ್ನುತ್ತದೆ, ಮೂರು ದಿನದಿಂದ ಕ್ಲಾಸಿನಲ್ಲಿ ಮಾತೇ ಆಡಿಲ್ಲ, ಮಕ್ಕಳ ಕೈಲಿ ಬರೆಸುತ್ತಿದ್ದೇನೆ ಎಂದಳು.

ನೋಡಿದೆ. ಹಲ್ಲಿನ ಮೇಲಿನ ಗಟ್ಟಿ ಹೊದಿಕೆ ಇದೆಯಲ್ಲ, ಎನಾಮಲ್, ಅದು ಹೊಳಪು ಕಳೆದುಕೊಂಡು ಸೀಮೆಸುಣ್ಣದ ಹಾಗೆ ಬೆಳ್ಳಗಾಗಿತ್ತು. ಸಲಕರಣೆ ತುದಿಯಿಂದ ಮೆಲ್ಲಗೆ ಸವರಿದರೆ ಒರಟು. ಒಸಡಿನ ಹತ್ತಿರ ಸವೆದಿತ್ತು. ಅಂಚುಗಳು ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತಿತ್ತು.

‘ಏನ್ ತಿಂದೆ? ಏನ್ ಕುಡಿದೆ?’ ಎಂದು ಗದರಿಸಿದೆ.

ಉತ್ತರ ಕೊಟ್ಟವರು ರಂಗಸ್ವಾಮಯ್ಯ. ಅವರ ಮುಖದಲ್ಲಿ ಹೆಮ್ಮೆಯೇ ಇತ್ತು. ‘ಕಾಫಿ ಟೀ ಒಂದ್ ತೊಟ್ಟೂ ಮುಟ್ಟಿಲ್ಲ ಡಾಕ್ಟ್ರಮ್ಮ. ನಮ್ಮನೇಲೇ ಸೋಡಾ ಐತಲ್ಲ. ದಿನಕ್ಕ್ ನಾಕ್ ಸಲ ನಾನೇ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಕೊಡ್ತೀನಿ. ಸ್ಕೂಲ್‌ಗೂ ಒಂದ್ ಬಾಟ್ಲಿ ಕಳಿಸ್ತೀನಿ. ಬಾಯಲ್ಲಿ ಚೆನ್ನಾಗಿ ಮುಕ್ಕಳಿಸಿ ಕುಡಿಯವ್ವಾ, ಗ್ಯಾಸು ಕೊಳೆ ಎಲ್ಲಾ ಎಬ್ಬಿಸ್ತದೆ ಅಂದೀನಿ. ಕುಡಿದ ತಕ್ಷಣ ಬ್ರಷ್ಷೂ ಮಾಡ್ತಾಳೆ.’

ನನ್ನ ತಲೆ ಕೆಟ್ಟುಹೋಯಿತು. ಹೊಸದಾಗಿ ಬ್ಲೀಚ್ ಮಾಡಿದ ಹಲ್ಲು, ಅದರ ಮೇಲೆ ನಿಂಬೆ ಹುಳಿ, ಗ್ಯಾಸಿನ ಹುಳಿ, ದಿನಕ್ಕೆ ನಾಲ್ಕು ಸಲ, ಎರಡು ತಿಂಗಳ ಮೇಲೆ! ಹುಳಿಗೆ ಎನಾಮಲ್ ಮೆತ್ತಗಾಗುತ್ತದೆ. ಮೆತ್ತಗಾದಾಗಲೇ ಬ್ರಷ್ ಹಾಕಿ ತಿಕ್ಕಿದರೆ ಪದರ ಪದರವಾಗಿ ಸವೆಯುತ್ತದೆ. ಸುಮ್ಮನಿದ್ದರೆ ಎಂಜಲೇ ಅದನ್ನು ಒಂದಿಷ್ಟು ಗಟ್ಟಿ ಮಾಡುತ್ತಿತ್ತು, ಆ ಬಿಡುವನ್ನೂ ಕೊಟ್ಟಿರಲಿಲ್ಲ.

‘ಏನ್ರೀ, ಬುದ್ಧಿ ಇದೆಯೇನ್ರೀ ನಿಮಗೆ?’ ಎಂದೆ. ಹೊರಗಿನ ಬೆಂಚಿನವರಿಗೂ ಕೇಳುವ ಹಾಗೆ. ‘ನಿಮ್ಮ ಸೋಡಾ ನಿಮ್ಮ ಮಗಳ ಹಲ್ಲನ್ನ ತಿಂದುಹಾಕಿದೆ! ನಾನು ಮೂರು ಶನಿವಾರ ಕೂತು ಮಾಡಿದ್ದನ್ನ ನೀವು ಮನೇಲಿ ಕೂತು ಹಾಳು ಮಾಡಿದ್ದೀರಿ. ಎತ್ಕೊಂಡ್ ಹೋಗ್ರೀ ಈ ಬಾಟ್ಲಿಗಳನ್ನ!’

ಪುಷ್ಪ ತನ್ನ ಪರ್ಸಿಗೆ ಕೈ ಹಾಕಿ ಏನೋ ತೆಗೆದಳು. ನನ್ನ ಮುಖ ನೋಡಿದಳು. ಮತ್ತೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ರಂಗಸ್ವಾಮಯ್ಯ ಬಗ್ಗಿ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ‘ತಪ್ಪಾಯ್ತು ಡಾಕ್ಟ್ರಮ್ಮ, ನಂಗೊತ್ತಾಗ್ಲಿಲ್ಲ,’ ಎಂದರು. ಅರವತ್ತರ ಹತ್ತಿರದ ಮನುಷ್ಯ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಜುಮ್ಮೆನ್ನುವುದಕ್ಕೆ ಪೇಸ್ಟು ಬರೆದುಕೊಟ್ಟು ಮುಂದಿನ ವಾರ ಬರಲು ಹೇಳಿದೆ. ಹೋದರು.

ಅವರು ಹೋದ ಮೇಲೆ ಕುರ್ಚಿ ಒರೆಸಲು ಹೋದಾಗ ಅದರ ಮೇಲೆ ಮಡಿಸಿದ ಕಾಗದ ಬಿದ್ದಿತ್ತು. ನನ್ನದೇ ಚೀಟಿ, ನನ್ನದೇ ಅಕ್ಷರ. ‘ಬಣ್ಣ ಇಲ್ಲದ್ದು ಏನು ಬೇಕಾದರೂ ಆಗಬಹುದು.’ ಆ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಟೀಚರ ಗೆರೆ, ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗೆ.

ಹುಳಿಯಿಂದ ಎನಾಮಲ್ ಕರಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಚೀಟಿ ಬರೆಯುವಾಗ ಕುಣಿಗಲ್ಲಿನವರ ಕಾಫಿ ಅಡಿಕೆ ಮಾತ್ರ ನನ್ನ ತಲೆಯಲ್ಲಿತ್ತು. ಬಣ್ಣದ ಬಗ್ಗೆ ಯೋಚಿಸಿದೆ, ಹುಳಿಯ ಬಗ್ಗೆ ಯೋಚಿಸಲಿಲ್ಲ. ಅವರು ಅಕ್ಷರಕ್ಕೆ ಅಕ್ಷರ ನನ್ನ ಮಾತು ಪಾಲಿಸಿದ್ದರು. ಅಷ್ಟು ಚೆನ್ನಾಗಿ ಪಾಲಿಸಿದ್ದಕ್ಕೇ ಹಲ್ಲು ಹಾಳಾಗಿತ್ತು.

ನಾನು ಆಗಲೇ ಹೊರಗೆ ಓಡಿ ಅವರನ್ನು ಕರೆಯಬಹುದಿತ್ತು. ಅವರು ಇನ್ನೂ ಬಸ್ ಸ್ಟಾಪಿನಲ್ಲೇ ಇದ್ದಿರಬೇಕು. ಚೀಟಿಯನ್ನು ಡ್ರಾಯರಿಗೆ ಹಾಕಿ ಮುಂದಿನವರನ್ನು ಒಳಗೆ ಕರೆದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಪುಷ್ಪ ಒಬ್ಬಳೇ ವಾರ ವಾರ ಬಂದಳು. ಫ್ಲೋರೈಡ್ ಹಚ್ಚಿದೆ. ಮೊದಲು ಹಲ್ಲಿನ ಬಣ್ಣ ಕೆಡಿಸಿದ್ದೇ ಆ ಪದಾರ್ಥ ಜಾಸ್ತಿಯಾಗಿ, ಈಗ ಅದನ್ನೇ ಅಳೆದು ಹಚ್ಚಿ ಗಟ್ಟಿ ಮಾಡಬೇಕಾಗಿತ್ತು. ಜುಮ್ಮೆನ್ನುವುದು ನಿಧಾನಕ್ಕೆ ಕಡಿಮೆಯಾಗುತ್ತ ಬಂತು. ಹುಡುಗಿ ಚೀಟಿಯ ಮಾತೇ ಎತ್ತುತ್ತಿರಲಿಲ್ಲ. ನನಗೇ ತಡೆಯಲಾಗದೆ ಒಂದು ದಿನ ಕೇಳಿದೆ: ‘ಅವತ್ತು ಚೀಟಿ ಕೈಯಲ್ಲಿತ್ತು ನಿನಗೆ. ಯಾಕೆ ತೋರಿಸ್ಲಿಲ್ಲ?’

ಹೇಳಿದಳು: ‘ನೀವ್ ಕೋಪದಲ್ಲಿದ್ರಿ ಮೇಡಂ. ತೋರ್ಸಿದ್ರೆ ಇನ್ನೂ ಕೋಪ ಬರ್ತಿತ್ತು. ನನ್ನ ಹಲ್ಲು ಸರಿ ಮಾಡ್ಬೇಕಾಗಿದ್ದೂ ನೀವೇ ಅಲ್ವಾ?’

ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟೆ. ನನ್ನ ಜೋರು ಬಾಯಿಯ ಬಗ್ಗೆ ನನಗಿದ್ದ ಹೆಮ್ಮೆ ಅವತ್ತು ಅಲ್ಲೇ ಸತ್ತಿತು. ‘ಮನೇಲಾದ್ರೂ ಚೀಟಿ ವಿಷ್ಯ ಹೇಳಿದ್ಯಾ?’ ಎಂದೆ.

‘ಹೇಳ್ದೆ. ಅಮ್ಮ ನಂಬಲ್ಲ. ಅಪ್ಪನ್ನ ಬಚಾವ್ ಮಾಡೋಕೆ ಸುಳ್ಳು ಹೇಳ್ತೀಯಾ, ಡಾಕ್ಟ್ರೇನು ಓದಿಲ್ದೋರಾ ಅಂತಾಳೆ. ಅಪ್ಪಾನೂ ಅಷ್ಟೇ, ಡಾಕ್ಟ್ರಮ್ಮ ಹೇಳಿದ್ಮೇಲೆ ನಂದೇ ತಪ್ಪು ಬುಡು ಅಂತಾರೆ. ಅಮ್ಮ ಅಪ್ಪನ್ನ ಮಾತಾಡ್ಸೋದೇ ಬಿಟ್ಟವ್ಳೆ ಮೇಡಂ.’

ಹಲ್ಲು ಕೆಡಿಸಿದ್ದು ಯಾವುದೆಂದು ಖಚಿತ ಮಾಡಿಕೊಳ್ಳಲು, ಆ ವಾರ ನನ್ನ ಹತ್ತಿರ ಕಿತ್ತಿಟ್ಟಿದ್ದ ಹಲ್ಲುಗಳನ್ನು ತೆಗೆದುಕೊಂಡೆ. ಬ್ಲೀಚ್ ಮಾಡಿ ಕೆಲವನ್ನು ನೀರಿನಲ್ಲಿ, ಕೆಲವನ್ನು ಬರೀ ಸೋಡಾದಲ್ಲಿ, ಕೆಲವನ್ನು ನಿಂಬೆ ಸೋಡಾದಲ್ಲಿ ದಿನಕ್ಕೆ ನಾಲ್ಕು ಸಲ ಅದ್ದಿ ತೆಗೆದು ಬ್ರಷ್ ಹಾಕಿದೆ. ಬರೀ ಸೋಡಾ ಅಷ್ಟೇನೂ ಮಾಡಲಿಲ್ಲ. ನಿಂಬೆ ಸೋಡಾದ ಹಲ್ಲು ವಾರದಲ್ಲೇ ಪುಷ್ಪಳ ಹಲ್ಲಿನ ಹಾಗೆ ಕಾಂತಿಗೆಟ್ಟಿತು. ಅದೇನು ದೊಡ್ಡ ಸಂಶೋಧನೆಯಲ್ಲ, ಹತ್ತು ಹಲ್ಲು, ಮೂರು ಗ್ಲಾಸು, ಅಷ್ಟೇ. ಅವನ್ನೂ ಚೀಟಿಯನ್ನೂ ಹಿಡಿದುಕೊಂಡು ಶ್ರೀಕಂಠಯ್ಯನವರ ಮನೆಗೆ ಹೋದೆ. ಅವರು ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ನಾನು ಹುಳಿ, ಸವೆತ, ಎಂಜಲು ಎಂದು ಒಂದೇ ಸಮನೆ ವಿವರಿಸುತ್ತಿದ್ದೆ. ಅವರು ಹಲ್ಲುಗಳನ್ನು ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು.

‘ಇದ್ರಲ್ಲಿ ಆ ಸೋಡಾದವ್ರ ತಪ್ಪು ಎಲ್ಲಿದೆ, ತೋರ್ಸಮ್ಮ,’ ಎಂದರು.

‘ಇಲ್ಲ ಸಾರ್.’

‘ಹಲ್ಲು ರಿಪೇರಿ ಮಾಡ್ತಿದೀಯ, ಸರಿ. ಅವ್ರನ್ನ ಎಲ್ಲರ ಮುಂದೆ ಬೈದಿದೀಯಲ್ಲ, ಅದನ್ನ ಯಾರು ರಿಪೇರಿ ಮಾಡ್ತಾರೆ? ನನ್ ಹತ್ರ ಯಾಕ್ ಬಂದೆ? ಗುಬ್ಬಿಗೆ ಹೋಗು.’

ಹಲ್ಲಿನ ಕಥೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ, ಕೇಳುವವರು ಅದನ್ನೇ ಕೇಳುತ್ತಾರೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಪುಷ್ಪಳ ಮುಂದಿನ ಆರು ಹಲ್ಲಿಗೆ ಹಲ್ಲಿನ ಬಣ್ಣದ ಲೇಪ ಕೂರಿಸಿದೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಸರಿಮಾಡಬೇಕು. ಎರಡು ಸಾವಿರದ ನಂತರವೂ ಬಂದು ಮಾಡಿಸಿಕೊಂಡು ಹೋಗುತ್ತಿದ್ದಳು. ಪಾಠ ಮಾಡಲು ತೊಂದರೆಯಾಗಲಿಲ್ಲ. ಆದರೆ ಹುಟ್ಟಾ ಬಂದ ಗಟ್ಟಿ ಹಲ್ಲು ಅವಳಿಗಿತ್ತು, ಬಣ್ಣ ಮಾತ್ರ ಸರಿಯಿರಲಿಲ್ಲ. ನನ್ನ ಹತ್ತಿರ ಬಂದ ಮೇಲೆ ಆ ಗಟ್ಟಿಯೂ ಹೋಯಿತು. ಹಳೆಯ ಚೀಟಿ ಬರೆಯುವುದನ್ನು ನಿಲ್ಲಿಸಿ ಹೊಸದು ಅಚ್ಚು ಹಾಕಿಸಿದೆ. ಗ್ಯಾಸಿನ ಪಾನೀಯ, ಹುಳಿ ಹಣ್ಣಿನ ರಸ ಬಣ್ಣವಿರಲಿ ಇಲ್ಲದಿರಲಿ ಬೇಡ, ಅಕಸ್ಮಾತ್ ಕುಡಿದರೆ ನೀರು ಮುಕ್ಕಳಿಸಿ ಒಂದು ಗಂಟೆ ಬ್ರಷ್ ಮುಟ್ಟಬೇಡಿ ಎಂದು. ಅದನ್ನು ಕೊಟ್ಟ ಮೇಲೆ, ‘ಈಗ ನೀವು ಹೇಳಿ, ಮನೇಲಿ ಏನೇನ್ ಕುಡೀತೀರಿ?’ ಎಂದು ಕೇಳಿ ಸುಮ್ಮನೆ ಕೂರುತ್ತಿದ್ದೆ. ಮಜ್ಜಿಗೆಯಿಂದ ಮುದ್ದೆಯವರೆಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಕಂಪನಿಗಳ ಕೂಲ್‌ಡ್ರಿಂಕ್ ಸೀಸೆಗಳು ಹಳ್ಳಿ ಅಂಗಡಿಗೂ ನುಗ್ಗಿದ ಮೇಲಂತೂ ಅರ್ಧ ಗಂಟೆ ಅದಕ್ಕೇ ಬೇಕಾಗುತ್ತಿತ್ತು.

ಶ್ರೀಕಂಠಯ್ಯನವರು ಹೇಳಿದಂತೆ ಗುಬ್ಬಿಗೆ ಹೋದದ್ದು ಅದರ ಮುಂದಿನ ಮಂಗಳವಾರ. ರೂಮಿನ ಬಾಗಿಲು ತೆಗೆಯದೆ ನೇರ ಅವರ ಮನೆಗೆ ನಡೆದೆ. ಹಾದಿಯುದ್ದಕ್ಕೂ ಹೇಳಬೇಕಾದ್ದನ್ನು ಉರು ಹೊಡೆಯುತ್ತಿದ್ದೆ. ಅಂಗಡಿಯಲ್ಲಿ ರಂಗಸ್ವಾಮಯ್ಯ ನನ್ನನ್ನು ಕಂಡವರೇ ಎದ್ದು ನಿಂತು ಹೆಗಲ ಮೇಲಿನ ಟವೆಲ್ ತೆಗೆದರು. ಮತ್ತೆ ಬೈಯಲು ಬಂದಿದ್ದೇನೆ ಎಂದುಕೊಂಡಿರಬೇಕು. ‘ಈಗ ಮಗೀಗೆ ಕೊಡಾಕಿಲ್ಲ ಡಾಕ್ಟ್ರಮ್ಮ, ಆಣೆ,’ ಎಂದರು. ಆ ಮಾತು ಕೇಳಿ ನನಗೆ ಅಲ್ಲೇ ಅಳು ಬಂತು. ‘ಒಳಗೆ ಬನ್ನಿ, ನಿಮ್ಮ ಮನೆಯವರ ಮುಂದೆ ಮಾತಾಡ್ಬೇಕು,’ ಎಂದೆ.

ಅವರ ಹೆಂಡತಿ ಜಯಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತರು. ಗಂಡ ಹೆಂಡತಿ ಒಬ್ಬರ ಕಡೆಗೊಬ್ಬರು ನೋಡಲಿಲ್ಲ. ನಾನು ಪುಷ್ಪಳ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದೆ. ‘ಇದು ನಾನು ಬರೆದಿದ್ದು. ನಾನು ಹೇಳಿದ ಹಾಗೇ ಇವರು ಮಾಡಿದ್ದಾರೆ. ತಪ್ಪು ನಂದು. ನನ್ನ ತಪ್ಪನ್ನ ಇವರ ತಲೆ ಮೇಲೆ ಹಾಕಿ ಎಲ್ಲರೆದುರು ಬೈದೆ, ಗೊತ್ತಾದ ಮೇಲೂ ಒಂದೂವರೆ ತಿಂಗಳು ಬಾಯಿ ಬಿಡ್ಲಿಲ್ಲ. ಕ್ಷಮಿಸಿ ಅಂತ ಕೇಳೋ ಯೋಗ್ಯತೆಯೂ ನನಗಿಲ್ಲ, ಆದ್ರೂ ಕೇಳ್ತೀನಿ,’ ಎಂದೆ.

ರಂಗಸ್ವಾಮಯ್ಯ ‘ಅಯ್ಯೋ ಬುಡಿ ಡಾಕ್ಟ್ರಮ್ಮ, ಬುಡಿ’ ಎನ್ನುತ್ತ ಗೋಡೆ ಕಡೆ ತಿರುಗಿಕೊಂಡರು. ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು.

ಜಯಮ್ಮ ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಆ ಹೆಣ್ಣುಮಗಳು ಗಂಡನ ಬೆನ್ನನ್ನೇ ನೋಡುತ್ತ ನಿಂತಿದ್ದರು. ಮೆಲ್ಲಗೆ ಮಾತಾಡಿದರು.

‘ಮಗಳ್ ಬಾಯಿಗ್ ಬೆಂಕಿ ಇಟ್ಟೋನು ನೀನು ಅಂದಿದೀನಿ ಇವರ್ನ. ದಿನಾ ಅಂದಿದೀನಿ. ಊಟಕ್ಕ್ ಬನ್ನಿ ಅಂತ ಒಂದಿನ ಕರೀಲಿಲ್ಲ, ತಟ್ಟೆ ಮಡಗ್ಬುಟ್ಟು ಹೋಗ್ತಿದ್ದೆ. ಒಂದ್ ಮಾತು ತಿರುಗಿ ಅನ್ಲಿಲ್ಲ ನನ್ ಗಂಡ.’ ಆಮೇಲೆ ನನ್ನ ಕಡೆ ತಿರುಗಿದರು. ‘ಅವಳ ಹಲ್ಲಿಗೆ ನೀವೇನೋ ಬಳಿತೀರ. ನಾನ್ ಅಂದಿದ್ದಕ್ಕೆ ಏನ್ ಬಳೀಲಿ, ಹೇಳಿ ಡಾಕ್ಟ್ರಮ್ಮ?’